ಚೆರ್ರಿ ಹೂವಿನ ಕುಲಗೋತ್ರ

ಪ್ರತಿ ವರ್ಷ ಮಾರ್ಚ್ ತಿಂಗಳಲ್ಲಿ ಟೋಕಿಯೊದ ಯಾಸುಕುನಿ ದೇಗುಲದ ಆವರಣದಲ್ಲಿ ಒಂದು ವಿಚಿತ್ರ ದೃಶ್ಯ ಕಾಣಸಿಗುತ್ತದೆ. ಜಪಾನಿನ ಹವಾಮಾನ ಇಲಾಖೆಯ ಅಧಿಕಾರಿ ಒಂದು ಮರದ ಕೆಳಗೆ ನಿಂತು, ಕತ್ತೆತ್ತಿ, ಅರಳಿದ ಹೂಗಳನ್ನು ಒಂದೊಂದಾಗಿ ಎಣಿಸುತ್ತಾರೆ. ಸುತ್ತ ಪತ್ರಕರ್ತರು, ಟಿ.ವಿ. ಕ್ಯಾಮೆರಾಗಳು, ನೋಡಲು ಬಂದ ಜನ. ಐದಾರು ಹೂ ಅರಳಿದ್ದರೆ ‘ಟೋಕಿಯೊದಲ್ಲಿ ಸಕುರಾ ಅರಳಿತು’ ಎಂಬ ಅಧಿಕೃತ ಘೋಷಣೆ ಹೊರಬೀಳುತ್ತದೆ. ನಾಲ್ಕೇ ಇದ್ದರೆ ಎಲ್ಲರೂ ಮಾರನೆಯ ದಿನ ಮತ್ತೆ ಬರಬೇಕು. ಮರದ ಮೊಗ್ಗುಗಳಲ್ಲಿ ಶೇ 80ರಷ್ಟು ಅರಳಿದಾಗ ಇನ್ನೊಂದು ಘೋಷಣೆ: ಹೂವು ತುಂಬಿತು.

ಒಂದು ಮರ ಇಡೀ ಮಹಾನಗರದ ಪರವಾಗಿ ಸಾಕ್ಷಿ ಹೇಳುವುದು ಹೇಗೆ ಸಾಧ್ಯ? ನಮ್ಮಲ್ಲಿ ಒಂದು ಬೀದಿಯ ಹೊಂಗೆ ಚಿಗುರಿದಾಗ ಪಕ್ಕದ ಬೀದಿಯ ಹೊಂಗೆ ಇನ್ನೂ ಎಲೆ ಉದುರಿಸುತ್ತಿರುತ್ತದೆ. ಒಂದೇ ತೋಪಿನ ಎರಡು ನಾಟಿ ಮಾವಿನ ಮರಗಳು ಒಂದೇ ದಿನ ಹೂ ಬಿಡುವುದಿಲ್ಲ. ಆದರೆ ಟೋಕಿಯೊದ ಬೀದಿ, ಉದ್ಯಾನ, ಶಾಲೆಯ ಅಂಗಳ, ನದಿಯ ದಂಡೆಗಳಲ್ಲಿ ನಿಂತಿರುವ ಬಹುಪಾಲು ಚೆರ್ರಿ ಮರಗಳ ಮಾತೇ ಬೇರೆ. ಅವು ಒಂದೇ ಜಾತಿಯ ಮರಗಳು ಎಂದರೆ ಸಾಲದು. ಅವೆಲ್ಲ ಒಂದೇ ಮರ. ಎಂದೋ ಹುಟ್ಟಿದ ಒಂದು ಗಿಡದ ಕಡ್ಡಿಯನ್ನು ಕಸಿ ಮಾಡಿ, ಆ ಕಸಿಯಿಂದ ಇನ್ನೊಂದು, ಅದರಿಂದ ಮತ್ತೊಂದು ಎಂದು ಬೆಳೆಸಿಕೊಂಡು ಬಂದ ತದ್ರೂಪಿಗಳು. ಈ ತಳಿಯ ಹೆಸರು ಸೊಮೆಯಿ-ಯೊಶಿನೊ.

ಕಸಿಯ ಲೆಕ್ಕ ನಮ್ಮ ರೈತರಿಗೆ ಹೊಸದಲ್ಲ. ಬಾದಾಮಿ ಮಾವಿನ ಓಟೆ ನೆಟ್ಟರೆ ಬಾದಾಮಿ ಮಾವೇ ಬರುತ್ತದೆಂಬ ಭರವಸೆಯಿಲ್ಲ. ಅದಕ್ಕೆ ಕಸಿಯೇ ಬೇಕು. ಸೊಮೆಯಿ-ಯೊಶಿನೊದ ವಿಷಯದಲ್ಲಿ ಈ ಕಟ್ಟುಪಾಡು ಇನ್ನೂ ಬಿಗಿ. ಚೆರ್ರಿ ಕುಲದ ಅನೇಕ ಮರಗಳಲ್ಲಿ ಒಂದು ಹೂವು ತನ್ನದೇ ಮರದ ಪರಾಗವನ್ನು ಒಪ್ಪುವುದಿಲ್ಲ. ಪರಾಗ ಬಂದು ಕುಳಿತು ಮೊಳೆತರೂ ಅದರ ನಳಿಕೆ ಅಂಡಾಶಯ ತಲುಪುವ ಮೊದಲೇ, ನಡುದಾರಿಯಲ್ಲೇ ನಿಂತುಹೋಗುತ್ತದೆ. ಸಗೋತ್ರ ವಿವಾಹ ನಿಷಿದ್ಧ ಎಂಬ ಕಟ್ಟಳೆಯನ್ನು ಮರ ತನ್ನ ಮೈಯಲ್ಲೇ ಬರೆದುಕೊಂಡಂತೆ. ಊರಿನ ಮರಗಳೆಲ್ಲ ಒಂದೇ ಮರವಾದ ಮೇಲೆ ಎದುರು ಸಾಲಿನ ಮರವೂ ಸಗೋತ್ರವೇ ಆಯಿತು. ಹೀಗಾಗಿ ಸಾವಿರ ಸೊಮೆಯಿ-ಯೊಶಿನೊಗಳ ತೋಪಿನಲ್ಲಿ ಅವುಗಳದೇ ಸಂತಾನ ಎಂಬುದು ಹುಟ್ಟುವುದಿಲ್ಲ. ಬೇರೆ ಚೆರ್ರಿಯ ಪರಾಗವನ್ನು ಜೇನ್ನೊಣ ಹೊತ್ತು ತಂದರೆ ಪುಟ್ಟ, ಕಪ್ಪು, ಕಹಿ ಹಣ್ಣುಗಳು ಕಚ್ಚುವುದುಂಟು. ಅವುಗಳ ಬೀಜದಿಂದ ಏಳುವ ಸಸಿ ಬೇರೆಯೇ ಮರ.

ಹೆಸರು ಬಂದ ಬಗೆ

ಇಂದು ಟೋಕಿಯೊದ ತೊಶಿಮಾ ವಾರ್ಡಿಗೆ ಸೇರಿರುವ ಕೊಮಾಗೊಮೆಯ ಬಳಿ ಹಿಂದೆ ಸೊಮೆಯಿ ಎಂಬ ಹಳ್ಳಿಯಿತ್ತು. ಟೋಕಿಯೊ ಇನ್ನೂ ಎದೊ ಎನಿಸಿಕೊಂಡಿದ್ದ ಕಾಲದಲ್ಲಿ ಅದು ತೋಟಗಾರರ ಊರು; ಶ್ರೀಮಂತರ ಬಂಗಲೆಗಳಿಗೆ ಗಿಡ ಒದಗಿಸುವುದು ಅಲ್ಲಿಯವರ ಕಸುಬು. 19ನೇ ಶತಮಾನದ ನಡುವಿನಲ್ಲಿ ಅವರು ಮಾರತೊಡಗಿದ ಒಂದು ಚೆರ್ರಿಗೆ ಇಟ್ಟ ಹೆಸರು ‘ಯೊಶಿನೊ’. ನಾರಾ ಪ್ರಾಂತ್ಯದ ಯೊಶಿನೊ ಬೆಟ್ಟ ಚೆರ್ರಿ ಹೂವಿಗೆ ಶತಮಾನಗಳಿಂದ ಹೆಸರಾದ ಕ್ಷೇತ್ರ. ಬೇರೆಲ್ಲೋ ಮಾಡಿದ ಪೇಡೆಯನ್ನು ಧಾರವಾಡದ ಹೆಸರಿನಲ್ಲಿ ಮಾರುವ ಜಾಣತನವೇ ಇದು. ಗಿರಾಕಿಗಳು ಒಪ್ಪಿದರು, ಗಿಡ ಬಿಕರಿಯಾಯಿತು.

ಆದರೆ ಯೊಶಿನೊ ಬೆಟ್ಟದ ಮರಗಳೇ ಬೇರೆ. ಅಲ್ಲಿರುವುದು ಯಾಮಾ-ಜಕುರಾ, ಅಂದರೆ ಬೆಟ್ಟದ ಚೆರ್ರಿ; ಹೂವಿನ ಜೊತೆಜೊತೆಗೇ ಕೆಂಪು ಚಿಗುರು ಮೂಡುವ ಕಾಡುಮರ. ಟೋಕಿಯೊದ ಉಯೆನೊ ಉದ್ಯಾನದ ಚೆರ್ರಿಗಳನ್ನು ಸಮೀಕ್ಷೆ ಮಾಡಿದ ಫುಜಿನೊ ಯೊರಿನಾಗಾ ಎಂಬುವರಿಗೆ ಈ ವ್ಯತ್ಯಾಸ ಕಣ್ಣಿಗೆ ಬಿತ್ತು. ಗೊಂದಲ ಬೇಡವೆಂದು ಅವರು 1900ರಲ್ಲಿ ಹಳ್ಳಿಯ ಹೆಸರನ್ನೂ ಸೇರಿಸಿ ‘ಸೊಮೆಯಿ-ಯೊಶಿನೊ’ ಎಂದು ಕರೆದರು. ಮರುವರ್ಷ, 1901ರಲ್ಲಿ, ಟೋಕಿಯೊ ಸಾಮ್ರಾಜ್ಯ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ಜಿನ್ಜೊ ಮಾತ್ಸುಮುರಾ ಇದಕ್ಕೆ ‘ಪ್ರೂನಸ್ ಯೆದೊಯೆನ್ಸಿಸ್’ ಎಂಬ ಶಾಸ್ತ್ರೀಯ ನಾಮ ಕೊಟ್ಟರು. ಯೆದೊ ಎಂದರೆ ಎದೊ, ಟೋಕಿಯೊದ ಹಳೆಯ ಹೆಸರು. ಸಂಕರ ಎಂಬ ಸುಳಿವಿಲ್ಲದೆ, ಸ್ವತಂತ್ರ ಪ್ರಭೇದವೆಂಬಂತೆ ಮರ ಪುಸ್ತಕ ಸೇರಿತು.

ತಾಯಿ ಯಾರು, ತಂದೆ ಯಾರು

ನದಿಮೂಲ, ಋಷಿಮೂಲ ಕೆದಕಬಾರದು ಎನ್ನುತ್ತಾರೆ. ಮರದ ಮೂಲ ಕೆದಕಿದವರು ನೂರು ವರ್ಷ ಜಗಳವಾಡಿದ್ದು ನೋಡಿದರೆ ಆ ಮಾತಿಗೆ ಇದನ್ನೂ ಸೇರಿಸಬಹುದಿತ್ತು.

ಮೊದಲು ಸರಿಯಾಗಿ ಊಹಿಸಿದವರು ಅರ್ನೆಸ್ಟ್ ವಿಲ್ಸನ್. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಅರ್ನಾಲ್ಡ್ ಸಸ್ಯೋದ್ಯಾನದ ಪರವಾಗಿ ಪೂರ್ವ ದೇಶಗಳಲ್ಲಿ ಗಿಡ ಹುಡುಕಿ ಅಲೆದ ಈತ 1914ರಲ್ಲಿ ಜಪಾನ್ ಸುತ್ತಿ, 1916ರಲ್ಲಿ ಅಲ್ಲಿಯ ಚೆರ್ರಿಗಳ ಬಗ್ಗೆ ಪುಸ್ತಕ ಪ್ರಕಟಿಸಿದರು. ಇದು ಸ್ವತಂತ್ರ ಪ್ರಭೇದವಲ್ಲ, ಎದೊಹಿಗಾನ್ ಮತ್ತು ಒಶಿಮಾ ಚೆರ್ರಿಗಳ ಸಂಕರ ಎಂಬುದು ಅವರ ವಾದ.

ಆ ಎರಡು ಮರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ವಾದದ ತಿರುಳು ತಿಳಿಯುತ್ತದೆ. ಎದೊಹಿಗಾನ್ ಬೆಟ್ಟಗಾಡಿನ ದೀರ್ಘಾಯು. ಯಾಮಾನಾಶಿ ಪ್ರಾಂತ್ಯದಲ್ಲಿ ಇರುವ ಒಂದು ಮರಕ್ಕೆ ಎರಡು ಸಾವಿರ ವರ್ಷ ವಯಸ್ಸೆಂಬ ನಂಬಿಕೆಯಿದೆ. ವಸಂತದ ಸಮರಾತ್ರಿಯ ಸುತ್ತಿನ ದಿನಗಳಲ್ಲಿ ಜಪಾನೀಯರು ಹಿರಿಯರ ಸಮಾಧಿಗೆ ಹೋಗುವ ವಾಡಿಕೆ. ಆ ಆಚರಣೆಯ ಹೆಸರು ಹಿಗಾನ್. ಆ ಹೊತ್ತಿಗೆ ಹೂ ಬಿಡುವುದರಿಂದ ಮರಕ್ಕೂ ಅದೇ ಹೆಸರು. ಹೂವು ಚಿಕ್ಕದು, ಎಲೆ ಬರುವ ಮೊದಲೇ ಬೋಳು ಕೊಂಬೆಯಲ್ಲಿ ಅರಳುತ್ತದೆ. ಹೂವಿನ ಬುಡದ ಹಸಿರು ಕೊಳವೆ ಗಡಿಗೆಯಂತೆ ಉಬ್ಬಿದ್ದು, ಮೇಲೆ ನವಿರು ರೋಮಗಳಿರುತ್ತವೆ.

ಒಶಿಮಾ ಚೆರ್ರಿ ಟೋಕಿಯೊದ ದಕ್ಷಿಣಕ್ಕಿರುವ ಇಝು ದ್ವೀಪಗಳ ಕಡಲಗಾಳಿಯಲ್ಲಿ ಬೆಳೆದ ಮರ. ಹೂವು ದೊಡ್ಡದು, ಬೆಳ್ಳಗೆ. ಜೊತೆಯಲ್ಲೇ ಹಸಿರು ಚಿಗುರು. ಬೇಗ ಬೇಗ ಬೆಳೆಯುತ್ತದೆ. ಇದರ ಎಲೆಗೆ ವಿಶಿಷ್ಟ ಪರಿಮಳವಿದೆ. ನಮ್ಮ ಕರಾವಳಿಯಲ್ಲಿ ಅರಿಸಿನದ ಎಲೆಯಲ್ಲಿ ಕಡುಬು ಬೇಯಿಸುವಂತೆ, ಅಲ್ಲಿ ಉಪ್ಪಿನಲ್ಲಿ ಊರಿಸಿದ ಈ ಎಲೆಯಲ್ಲಿ ಅಕ್ಕಿಯ ಸಿಹಿತಿಂಡಿ ಸುತ್ತುತ್ತಾರೆ.

ಸೊಮೆಯಿ-ಯೊಶಿನೊದಲ್ಲಿ ಎರಡೂ ಕಡೆಯ ಗುರುತುಗಳಿವೆ. ಬೋಳು ಕೊಂಬೆಯಲ್ಲಿ ಹೂ ಬಿಡುವುದು, ಬುಡದ ಕೊಳವೆಯ ಸಣ್ಣ ಉಬ್ಬು, ರೋಮ ಎದೊಹಿಗಾನ್ ಕಡೆಯವು. ಹೂವಿನ ಗಾತ್ರ, ಬೆಳೆಯುವ ವೇಗ ಒಶಿಮಾ ಕಡೆಯವು. ಚಿಗುರಿನ ಅಡ್ಡಿಯಿಲ್ಲದೆ ದೊಡ್ಡ ಹೂಗಳೇ ಮರ ತುಂಬುವುದರಿಂದ ಮೋಡವೊಂದು ಕೊಂಬೆಗೆ ಸಿಕ್ಕಿಕೊಂಡಂತೆ ಕಾಣುತ್ತದೆ. ಎರಡೂ ಪ್ರಭೇದಗಳಲ್ಲಿ ವರ್ಣತಂತುಗಳ ಸಂಖ್ಯೆ 16 ಆದ್ದರಿಂದ ಸಂಕರಕ್ಕೆ ಆ ಕಡೆಯಿಂದ ತೊಡಕೇನೂ ಇಲ್ಲ. ಬೆಟ್ಟದ ಮರ, ದ್ವೀಪದ ಮರ ಎರಡನ್ನೂ ತಂದು ಒಂದೇ ಬೇಲಿಯೊಳಗೆ ನೆಡುತ್ತಿದ್ದವರು ಎದೊದ ತೋಟಗಾರರು.

ಊಹೆಗೆ ಪುರಾವೆ ಒದಗಿಸಿದವರು ಮಿಶಿಮಾದ ರಾಷ್ಟ್ರೀಯ ಅನುವಂಶೀಯ ವಿಜ್ಞಾನ ಸಂಸ್ಥೆಯ ತಾಕೆನಾಕಾ ಯೊ. ಅವರು ಸೊಮೆಯಿ-ಯೊಶಿನೊದ ಬೀಜ ಬಿತ್ತಿ ನೋಡಿದರು. ಸಸಿಗಳು ಏಕರೂಪವಾಗಿರದೆ, ಕೆಲವು ಒಂದು ಕಡೆಗೆ, ಕೆಲವು ಇನ್ನೊಂದು ಕಡೆಗೆ ವಾಲಿದವು. ಶುದ್ಧ ಪ್ರಭೇದದ ಮಕ್ಕಳು ಹೀಗೆ ಚದುರುವುದಿಲ್ಲ. ಅಲ್ಲಿಗೇ ನಿಲ್ಲದೆ ಎದೊಹಿಗಾನ್ ಮತ್ತು ಒಶಿಮಾಗಳನ್ನು ತಾವೇ ಕೂಡಿಸಿ, ಹುಟ್ಟಿದ ಮರಗಳು ಹೂ ಬಿಡುವವರೆಗೆ ವರ್ಷಗಟ್ಟಲೆ ಕಾದರು. ಸೊಮೆಯಿ-ಯೊಶಿನೊವನ್ನು ಬಹುಮಟ್ಟಿಗೆ ಹೋಲುವ ಗಿಡಗಳು ಬಂದವು. 1960ರ ದಶಕದ ಮೊದಲ ಭಾಗದಲ್ಲಿ ಈ ಫಲಿತಾಂಶಗಳು ಪ್ರಕಟವಾದವು. ಮರದ ವಂಶಾವಳಿ ಹುಡುಕಲು ಅರ್ಧ ಆಯುಷ್ಯವಾದರೂ ಬೇಕು ಎಂಬುದಕ್ಕೆ ತಾಕೆನಾಕಾ ಅವರೇ ಸಾಕ್ಷಿ.

ಆಮೇಲೆ ಡಿಎನ್‌ಎ ಪರೀಕ್ಷೆಯ ಕಾಲ ಬಂತು. 1995ರಲ್ಲಿ ಬೇರೆ ಬೇರೆ ಊರುಗಳ ಸೊಮೆಯಿ-ಯೊಶಿನೊಗಳನ್ನು ಹೋಲಿಸಿ ಅವು ತದ್ರೂಪಿಗಳೆಂದು ತೋರಿಸಲಾಯಿತು. ತಾಯಿಯಿಂದ ಮಾತ್ರ ಬರುವ ಹರಿತ್ಕಣಗಳ ಡಿಎನ್‌ಎ ನೋಡಿ ತಾಯಿ ಎದೊಹಿಗಾನ್ ಎಂಬುದೂ ಗೊತ್ತಾಗಿತ್ತು. 2014ರಲ್ಲಿ ಜಪಾನಿನ ಅರಣ್ಯ ಸಂಶೋಧನಾ ಸಂಸ್ಥೆಯ ವಿಶ್ಲೇಷಣೆ ಒಂದು ಸಣ್ಣ ತಿರುವು ಕೊಟ್ಟಿತು: ಎದೊಹಿಗಾನ್ ಪಾಲು ಶೇ 47, ಒಶಿಮಾ ಶೇ 37, ಜೊತೆಗೆ ಯಾಮಾ-ಜಕುರಾ ಶೇ 11. ಅಂದರೆ ತಂದೆಯ ಮರವೇ ಅಪ್ಪಟ ಒಶಿಮಾ ಅಲ್ಲ, ಅದರಲ್ಲೂ ಬೆಟ್ಟದ ಚೆರ್ರಿಯ ರಕ್ತ ಬೆರೆತಿದೆ. ಯೊಶಿನೊ ಎಂಬ ಹೆಸರು ಸುಳ್ಳೆಂದು ತಿದ್ದಿದ ಮರದೊಳಗೆ ಯೊಶಿನೊ ಬೆಟ್ಟದ ಜಾತಿಯೂ ಒಂದಿಷ್ಟು ಇತ್ತೆಂದಾಯಿತು! 2019ರಲ್ಲಿ ಪೂರ್ಣ ಜೀನೋಮ್ ಓದಿದ ತಂಡದ ಲೆಕ್ಕದಂತೆ ತಾಯಿ-ತಂದೆಯ ವಂಶಗಳು ಬೇರೆಯಾಗಿ ಸುಮಾರು 55 ಲಕ್ಷ ವರ್ಷವಾಗಿದೆ. ಅವು ಮತ್ತೆ ಕೂಡಿದ್ದು ನೂರು ಚಿಲ್ಲರೆ ವರ್ಷಗಳ ಹಿಂದೆ.

ಕುಲ ಒಂದೋ ಎರಡೋ

ಸಂಕರ ಎಂದು ಖಚಿತವಾದ ಮೇಲೆ ಹೆಸರಿನ ನಡುವೆ ಗುಣಾಕಾರದ ಚಿಹ್ನೆ ಬಂತು: ಪ್ರೂನಸ್ × ಯೆದೊಯೆನ್ಸಿಸ್. ಎರಡು ಪ್ರಭೇದಗಳು ಕೂಡಿ ಹುಟ್ಟಿದ್ದು ಎಂಬುದಕ್ಕೆ ಸಸ್ಯಶಾಸ್ತ್ರದ ಗುರುತು ಅದು. ಇದಕ್ಕೂ ತಳಿಯ ಹೆಸರಿಗೂ ಇರುವ ಅಂತರವನ್ನು ಗಮನಿಸಬೇಕು. ಎದೊಹಿಗಾನ್-ಒಶಿಮಾ ಕೂಡಿಕೆಯಿಂದ ನಾಳೆ ಹೊಸ ಗಿಡ ಹುಟ್ಟಿದರೂ ಅದು × ಯೆದೊಯೆನ್ಸಿಸ್ ಆದೀತು. ಸೊಮೆಯಿ-ಯೊಶಿನೊ ಮಾತ್ರ ಆಗದು. ನೀಲಂ ಮತ್ತು ದಶೇರಿ ಮಾವುಗಳನ್ನು ಮತ್ತೆ ಕೂಡಿಸಿದರೆ ಇನ್ನೊಂದು ಮಾವು ಹುಟ್ಟುತ್ತದೆಯೇ ಹೊರತು ಮಲ್ಲಿಕಾ ಹುಟ್ಟುವುದಿಲ್ಲವಲ್ಲ, ಹಾಗೆ. ಮಾವಿನಲ್ಲಿ ಎರಡೂ ಒಂದೇ ಪ್ರಭೇದದ ತಳಿಗಳು, ಇಲ್ಲಿ ಪ್ರಭೇದಗಳೇ ಬೇರೆ ಎಂಬುದಷ್ಟೇ ವ್ಯತ್ಯಾಸ.

ಕುಲದ ಹೆಸರಿನಲ್ಲೂ ಒಮ್ಮತವಿಲ್ಲ. ಲಿನೇಯಸ್ 1753ರಲ್ಲಿ ಚೆರ್ರಿ, ಪ್ಲಮ್, ಏಪ್ರಿಕಾಟ್‌ಗಳನ್ನು ಪ್ರೂನಸ್ ಎಂಬ ಒಂದೇ ಕುಲದಲ್ಲಿ ಸೇರಿಸಿದ. ಮರುವರ್ಷವೇ ಇಂಗ್ಲೆಂಡಿನ ಫಿಲಿಪ್ ಮಿಲ್ಲರ್ ಚೆರ್ರಿಯನ್ನು ಬೇರ್ಪಡಿಸಿ ಸೆರಾಸಸ್ ಎಂದ. ಇಂದಿಗೂ ಯುರೋಪ್, ಅಮೆರಿಕದಲ್ಲಿ ಪ್ರೂನಸ್ ಎಂಬುದೇ ರೂಢಿ. ಜಪಾನಿನ ವಿದ್ವಾಂಸರಲ್ಲಿ ಅನೇಕರು ಸೆರಾಸಸ್ ಎನ್ನುತ್ತಾರೆ. ಒಡಹುಟ್ಟಿದವರು ಒಂದೇ ಮನೆಯಲ್ಲಿದ್ದಾರೆಂದು ಬರೆಯಬೇಕೋ, ಬೇರೆ ಒಲೆ ಹಚ್ಚಿದ್ದಾರೆಂದು ಬರೆಯಬೇಕೋ ಎಂಬಂಥ ಜಗಳವಿದು. ದೊಡ್ಡ ಲೆಕ್ಕದಲ್ಲಿ ಪ್ರೂನಸ್ ಎಂದರೆ ನಾವು ಪಾಯಸಕ್ಕೆ ಹಾಕುವ ಬಾದಾಮಿಯೂ ಚೆರ್ರಿಯ ದಾಯಾದಿಯೇ. ಎಲ್ಲವೂ ಗುಲಾಬಿಯ ಕುಟುಂಬ.

ಹೆಸರು ನಂಬಿದರೆ ಮೋಸ ಹೋಗುವುದು ನಮ್ಮಲ್ಲೂ ಉಂಟು. ಬೆಂಗಳೂರಿನ ರಸ್ತೆಗಳಲ್ಲಿ ಗುಲಾಬಿ ಬಣ್ಣದ ಟಬೆಬುಯಾ ಅರಳಿದಾಗ ‘ನಮ್ಮೂರ ಚೆರ್ರಿ ಬ್ಲಾಸಮ್’ ಎಂದು ಫೋಟೊ ತೆಗೆಯುವವರಿದ್ದಾರೆ. ಅದು ಅಮೆರಿಕ ಖಂಡದಿಂದ ಬಂದ, ಚೆರ್ರಿಗೆ ಯಾವ ನಂಟೂ ಇಲ್ಲದ ಮರ. ಸಿಂಗಪುರ ಚೆರ್ರಿ ಎನಿಸಿಕೊಳ್ಳುವ ಗಸಗಸೆ ಹಣ್ಣಿನ ಮರವೂ ಚೆರ್ರಿಯಲ್ಲ. ಬೇಕರಿಯ ಕೇಕಿನ ಮೇಲಿನ ಕೆಂಪು ಚೆರ್ರಿ ಎಷ್ಟೋ ಸಲ ಸಕ್ಕರೆ ಪಾಕದಲ್ಲಿ ಊರಿದ ಕವಳಿಕಾಯಿ. ಭಾರತದ ಅಸಲಿ ಕಾಡುಚೆರ್ರಿ ಬೇಕೆಂದರೆ ಹಿಮಾಲಯದ ಕಡೆಗೆ ಹೋಗಬೇಕು. ಆಯುರ್ವೇದದಲ್ಲಿ ಪದ್ಮಕ ಎನ್ನುವ ಮರವದು. ವಸಂತದ ಬದಲು ಶರತ್ಕಾಲದ ಹೊತ್ತಿಗೆ ಹೂ ಬಿಡುತ್ತದೆ. ಅದರ ಹೆಸರಿನಲ್ಲಿ ಶಿಲ್ಲಾಂಗ್‌ನಲ್ಲಿ 2016ರಿಂದ ನವೆಂಬರ್ ಉತ್ಸವ ನಡೆಯುತ್ತಿದೆ.

ಕೊರಿಯಾದ ತಕರಾರು

ಹೆಸರಿನ ಗೊಂದಲ ಬೇಕರಿಯಲ್ಲಿ ನಗೆಯ ವಿಷಯವಾದರೆ ಕೊರಿಯಾದಲ್ಲಿ ಅದು ಸ್ವಾಭಿಮಾನದ ಪ್ರಶ್ನೆಯಾಯಿತು. 1908ರಲ್ಲಿ ಫ್ರೆಂಚ್ ಪಾದ್ರಿ ಎಮಿಲ್ ತಾಕೆ ಕೊರಿಯಾದ ಜೇಜು ದ್ವೀಪದ ಹಲ್ಲಾ ಪರ್ವತದಲ್ಲಿ ಒಂದು ಕಾಡುಚೆರ್ರಿಯ ಮಾದರಿ ಸಂಗ್ರಹಿಸಿದರು. 1912ರಲ್ಲಿ ಜರ್ಮನ್ ಸಸ್ಯಶಾಸ್ತ್ರಜ್ಞ ಕೋನ ಅದನ್ನು ಪ್ರೂನಸ್ ಯೆದೊಯೆನ್ಸಿಸ್‌ನ ಒಂದು ಬಗೆಯೆಂದು ದಾಖಲಿಸಿದರು. ಟೋಕಿಯೊದ ಮರದ ಕಾಡುಮೂಲ ಜೇಜುವಿನಲ್ಲಿದೆ ಎಂಬ ಮಾತಿಗೆ ಇದು ಬೀಜವಾಯಿತು. 1932ರಲ್ಲಿ ಕ್ಯೋಟೊದ ಗೆನ್‌ಇಚಿ ಕೊಯಿಝುಮಿ ದ್ವೀಪಕ್ಕೆ ಹೋಗಿ ಬಂದು ಇದನ್ನೇ ಎತ್ತಿಹಿಡಿದರು.

1910ರಿಂದ 1945ರವರೆಗೆ ಕೊರಿಯಾ ಜಪಾನಿನ ವಸಾಹತು. ಸೋಲ್ ನಗರದ ಚಾಂಗ್‌ಗ್ಯೊಂಗ್ ಅರಮನೆಯನ್ನು ಜಪಾನೀಯರು ಮೃಗಾಲಯ, ಉದ್ಯಾನವನ್ನಾಗಿ ಮಾಡಿ ಚೆರ್ರಿ ನೆಟ್ಟರು. ಅರಸರ ಅಂಗಳ ಜನ ಹೂ ನೋಡಲು ಬರುವ ಪಾರ್ಕಾಯಿತು. 1980ರ ದಶಕದಲ್ಲಿ ಅರಮನೆಯನ್ನು ಮತ್ತೆ ಅರಮನೆಯಾಗಿಸುವಾಗ ಮೃಗಾಲಯದ ಜೊತೆ ಚೆರ್ರಿ ಮರಗಳನ್ನೂ ಅಲ್ಲಿಂದ ಎತ್ತಿಸಲಾಯಿತು. ಇಂಥ ನೆನಪಿರುವ ನಾಡಿನಲ್ಲಿ ‘ಆ ಮರ ಮೂಲತಃ ನಮ್ಮದೇ’ ಎಂಬ ವಾದಕ್ಕೆ ಎಷ್ಟು ಬಲ ಬಂದಿರಬಹುದು ಎಂಬುದನ್ನು ವಿವರಿಸಬೇಕಿಲ್ಲ. ಅದನ್ನು ಬರೀ ಹಟವೆಂದು ತಳ್ಳಿಹಾಕುವುದೂ ನ್ಯಾಯವಲ್ಲ. ಹಾಗೆ ಹೇಳಿದವರಲ್ಲಿ ಜಪಾನಿನ ವಿಜ್ಞಾನಿಯೂ ಇದ್ದರು.

2018ರಲ್ಲಿ ಕೊರಿಯಾದ ಸಂಶೋಧಕರೇ ಜೇಜುವಿನ ಕಾಡುಮರದ ಜೀನೋಮ್ ಓದಿ ಪ್ರಕಟಿಸಿದರು. ಅದೂ ಸಂಕರವೇ. ತಾಯಿ ಎದೊಹಿಗಾನ್ ಬಳಗದ್ದೇ. ಆದರೆ ತಂದೆ ಯಾಮಾ-ಜಕುರಾ. ಒಶಿಮಾ ಚೆರ್ರಿಯ ಸುಳಿವಿಲ್ಲ. ಇದಕ್ಕೆ ಎರಡು ವರ್ಷ ಮೊದಲೇ ಜಪಾನಿನ ಇಬ್ಬರು ವಿಜ್ಞಾನಿಗಳು ಜೇಜು ಮರಕ್ಕೆ ಸೆರಾಸಸ್ × ನ್ಯೂಡಿಫ್ಲೋರಾ ಎಂಬ ಬೇರೆ ಹೆಸರು ಕೊಟ್ಟಿದ್ದರು. ಇವು ಒಂದು ಕಡೆಯ ಪೂರ್ವಜರು ಒಂದೇ ಆದ, ಇನ್ನೊಂದು ಕಡೆ ಬೇರೆಯಾದ ಎರಡು ಮರಗಳು. ಯಾರದು ಯಾರಿಂದಲೂ ಬಂದದ್ದಲ್ಲ.

ಒಟ್ಟಿಗೆ ಅರಳಿ, ಒಟ್ಟಿಗೆ ಉದುರಿ

1868ರ ಮೇಜಿ ಬದಲಾವಣೆಯ ಬಳಿಕ ಸೊಮೆಯಿ-ಯೊಶಿನೊ ಜಪಾನಿನಲ್ಲಿ ಕಾಡ್ಗಿಚ್ಚಿನಂತೆ ಹಬ್ಬಿತು. ಕೋಟೆಯ ಪಾಳು, ಹೊಸ ಶಾಲೆ, ಸೈನ್ಯದ ಮೈದಾನ ಎಲ್ಲೆಂದರಲ್ಲಿ ನೆಟ್ಟರು. ಬೇಗ ಬೆಳೆಯುತ್ತದೆ, ಎಳವೆಯಲ್ಲೇ ಹೂ ಬಿಡುತ್ತದೆ, ಕಸಿ ಸುಲಭ. ಸರ್ಕಾರಿ ನೆಡುತೋಪಿಗೆ ಇನ್ನೇನು ಬೇಕು? ಎರಡನೇ ಮಹಾಯುದ್ಧದ ನಂತರ ಮತ್ತೊಂದು ಸುತ್ತು ನಾಟಿ ನಡೆಯಿತು.

ಇದರಿಂದ ಹೂವಿನ ಅರ್ಥವೇ ಬದಲಾಯಿತು. ಪ್ರಾಚೀನ ಕವಿಗಳು ಕಂಡದ್ದು ಮುಖ್ಯವಾಗಿ ಬೆಟ್ಟದ ಚೆರ್ರಿ. 1801ರಲ್ಲಿ ತೀರಿಕೊಂಡ ವಿದ್ವಾಂಸ ಮೊತೊಓರಿ ನೊರಿನಾಗಾ ತನ್ನ ಸಮಾಧಿಯ ಬಳಿ ನೆಡಲು ಹೇಳಿದ್ದೂ ಅದನ್ನೇ. ಬೀಜದಿಂದ ಹುಟ್ಟುವ ಕಾಡುಮರ ಒಂದರಂತೆ ಒಂದಿಲ್ಲ. ಇಂದು ಒಂದು, ನಾಳೆ ಇನ್ನೊಂದು ಅರಳಿ ಬೆಟ್ಟದ ಹೂವು ಹಲವು ದಿನ ಹರಡಿಕೊಳ್ಳುತ್ತದೆ. ಊರಿಗೆ ಊರೇ ಒಂದೇ ದಿನ ಅರಳಿ, ವಾರ ಹತ್ತು ದಿನದಲ್ಲಿ ಒಟ್ಟಿಗೆ ಉದುರುವ ದೃಶ್ಯ ಕಸಿಯ ಸೃಷ್ಟಿ. ದೊರೆಗಾಗಿ ಒಟ್ಟಿಗೆ ಉದುರುವ ಎಸಳುಗಳು ಎಂದು ಯುದ್ಧಕಾಲದಲ್ಲಿ ಸೈನಿಕರಿಗೆ ಹೇಳಿಕೊಟ್ಟ ರೂಪಕವನ್ನು ಜನ ಅನಾದಿ ಸಂಪ್ರದಾಯವೆಂದೇ ನಂಬಿದರು. ಆತ್ಮಾಹುತಿ ವಿಮಾನಗಳ ಮೇಲೂ ಈ ಹೂವಿನ ಚಿತ್ರವಿತ್ತು. ಆ ಹೊತ್ತಿಗೆ ಸೊಮೆಯಿ-ಯೊಶಿನೊ ಎಂಬ ಹೆಸರಿಗೆ ಐವತ್ತು ವರ್ಷವೂ ತುಂಬಿರಲಿಲ್ಲ.

ಸ್ನೇಹದ ಕಾಣಿಕೆಯಾಗಿಯೂ ಇದೇ ಮರ ಹೋಯಿತು. ಅಮೆರಿಕದ ವಾಷಿಂಗ್ಟನ್‌ಗೆ ಕಳಿಸಿದ 2,000 ಚೆರ್ರಿ ಗಿಡಗಳು 1910ರ ಜನವರಿಯಲ್ಲಿ ತಲುಪಿದಾಗ ಬೇರಿನ ತುಂಬ ಕೀಟ, ಜಂತುಹುಳು. ಅಧ್ಯಕ್ಷ ಟಾಫ್ಟ್ ಒಪ್ಪಿಗೆಯಿಂದ ಎಲ್ಲವನ್ನೂ ಸುಟ್ಟುಹಾಕಲಾಯಿತು. ಟೋಕಿಯೊದ ಮೇಯರ್ ಯುಕಿಯೊ ಒಝಾಕಿ ಬೇಸರಿಸದೆ 1912ರಲ್ಲಿ 3,020 ಹೊಸ ಗಿಡ ಕಳಿಸಿದರು. ಅವುಗಳಲ್ಲಿ 1,800 ಯೊಶಿನೊ. ಮಾರ್ಚ್ 27ರಂದು ಅಧ್ಯಕ್ಷರ ಪತ್ನಿ ಹೆಲೆನ್ ಟಾಫ್ಟ್ ಮತ್ತು ಜಪಾನ್ ರಾಯಭಾರಿಯ ಪತ್ನಿ ಮೊದಲ ಎರಡು ಗಿಡ ನೆಟ್ಟರು.

ಒಂದೇ ಮರವಾಗಿರುವುದರ ಇನ್ನೊಂದು ಮುಖ ಕಾಯಿಲೆ. ಒಂದಕ್ಕೆ ತಗಲುವ ರೋಗ ಎಲ್ಲಕ್ಕೂ ತಗಲಬಲ್ಲದು. ಕೊಂಬೆಗಳು ಪೊರಕೆಯಂತೆ ಕವಲೊಡೆದು ಹೂ ಬಿಡದಂತೆ ಮಾಡುವ ಒಂದು ಶಿಲೀಂಧ್ರ ರೋಗಕ್ಕೆ ಸೊಮೆಯಿ-ಯೊಶಿನೊ ಬೇಗ ತುತ್ತಾಗುತ್ತದೆ. 2012ರಲ್ಲಿ ಐಚಿ ಪ್ರಾಂತ್ಯದಲ್ಲಿ ಕಾಣಿಸಿಕೊಂಡ ಕೆಂಪು ಕತ್ತಿನ ಒಂದು ಪರದೇಶಿ ದುಂಬಿಯ ಮರಿಹುಳು ಕಾಂಡವನ್ನೇ ಕೊರೆದು ಮರ ಕೊಲ್ಲುತ್ತಿದೆ. ಚಳಿಗಾಲದಲ್ಲಿ ಸಾಕಷ್ಟು ಚಳಿ ತಾಗದಿದ್ದರೆ ಮೊಗ್ಗು ನಿದ್ದೆಯಿಂದ ಸರಿಯಾಗಿ ಏಳದು. ಬೆಚ್ಚಗಿನ ವರ್ಷಗಳಲ್ಲಿ ದಕ್ಷಿಣದ ಕಾಗೊಶಿಮಾದಲ್ಲಿ ಹೂವು ತಡವಾಗುವುದು ಇದರಿಂದಲೇ. ಟೋಕಿಯೊದಲ್ಲಿ ಇದಕ್ಕೆ ವಿರುದ್ಧವಾಗಿ 2020, 2021, 2023ರಲ್ಲಿ ಮಾರ್ಚ್ 14ಕ್ಕೇ ಹೂ ಅರಳಿ ದಾಖಲೆಯಾಯಿತು. ಯುದ್ಧಾನಂತರ ಒಟ್ಟಿಗೆ ನೆಟ್ಟ ಮರಗಳು ಒಟ್ಟಿಗೇ ಮುದಿಯಾಗುತ್ತಿವೆ.

ಈ ಮರದ ಆಯುಸ್ಸು 60 ವರ್ಷ ಎಂಬ ಮಾತು ಜಪಾನಿನಲ್ಲಿ ಗಾದೆಯಂತೆ ಚಾಲ್ತಿಯಲ್ಲಿದೆ. ಅದನ್ನು ಪೂರ್ತಿ ನಂಬಬೇಕಿಲ್ಲ. ಉತ್ತರದ ಹಿರೊಸಾಕಿ ಉದ್ಯಾನದಲ್ಲಿ 1882ರಲ್ಲಿ ನೆಟ್ಟ ಮರ ಇಂದಿಗೂ ಹೂ ಬಿಡುತ್ತಿದೆ. ಅದು ಸೇಬು ಬೆಳೆಯುವ ಸೀಮೆ. ಚೆರ್ರಿಯ ಕೊಂಬೆಗೆ ಕತ್ತರಿ ಹಾಕಬಾರದೆಂಬುದು ಜಪಾನಿನ ಹಳೆಯ ನಂಬಿಕೆ. ಹಿರೊಸಾಕಿಯವರು ಸೇಬಿನ ಮರ ಸವರುವ ಕಸುಬನ್ನೇ ಇಲ್ಲಿಗೂ ತಂದು, ಗೊಬ್ಬರ ಹಾಕಿ, ನೂರು ದಾಟಿದ ಮರಗಳನ್ನು ನೂರಾರು ಸಂಖ್ಯೆಯಲ್ಲಿ ಉಳಿಸಿಕೊಂಡಿದ್ದಾರೆ.

ಎಲ್ಲ ಊರಿಗೂ ಅಂಥ ಆರೈಕೆ ಸಾಧ್ಯವಿಲ್ಲ. ಗಿಡ ಹಂಚುವ ಜಪಾನಿನ ಹೂವಿನ ಸಂಘ 2009ರ ವೇಳೆಗೆ ಸೊಮೆಯಿ-ಯೊಶಿನೊ ಸಸಿ ಕೊಡುವುದನ್ನು ನಿಲ್ಲಿಸಿತು. ಬದಲಿಗೆ ಅದು ಸೂಚಿಸುವ ತಳಿ ಜಿಂದಾಯ್-ಅಕೆಬೊನೊ. ಇದರ ಹಿಂದಿನ ಕತೆ ಸ್ವಾರಸ್ಯದ್ದು. ಅಮೆರಿಕಕ್ಕೆ ಹೋದ ಯೊಶಿನೊ ಬಳಗದಿಂದ ಅಲ್ಲಿ ಅಕೆಬೊನೊ ಎಂಬ ತಳಿ ಬಂತು. ಅದರ ಕಡ್ಡಿಯೆಂದು ಜಪಾನಿಗೆ ಮರಳಿ ತರಿಸಿ ಟೋಕಿಯೊದ ಜಿಂದಾಯ್ ಸಸ್ಯೋದ್ಯಾನದಲ್ಲಿ ಕಸಿ ಮಾಡಿದಾಗ, ಹೂವು ತುಸು ಬೇರೆಯಾಗಿ ಕಂಡ ಒಂದು ಮರ ಸಿಕ್ಕಿತು. ಅದಕ್ಕೆ ಆ ಉದ್ಯಾನದ ಹೆಸರು. ಬಣ್ಣ ಸೊಮೆಯಿ-ಯೊಶಿನೊಗಿಂತ ಸ್ವಲ್ಪ ಗಾಢ, ಮರ ಸ್ವಲ್ಪ ಗಿಡ್ಡ, ಪೊರಕೆ ರೋಗ ಅಷ್ಟಾಗಿ ತಗಲದು. ಹಳೆಯ ಮರ ಕಡಿದ ಗುಂಡಿಯಲ್ಲಿ ಈಗ ಇದನ್ನು ನೆಡುತ್ತಿದ್ದಾರೆ. ಇದನ್ನೂ ಬೆಳೆಸುವುದು ಕಸಿ ಕಡ್ಡಿಯಿಂದಲೇ.